ಚೀಟಿ ಕಳೆದುಕೊಂಡ ಶಂಖ

ದ್ವೀಪಗಳ ಸಣ್ಣ ಖಾಸಗಿ ವಸ್ತುಸಂಗ್ರಹಾಲಯಗಳನ್ನು ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಮುಂದಿನ ಕೋಣೆಯಲ್ಲಿ ಕಡಲಾಮೆಯ ಬೆನ್ನುಚಿಪ್ಪು, ಮುಳುಗಿದ ಹಡಗಿನ ಲಂಗರು, ಹೊಟ್ಟು ತುಂಬಿ ನಿಲ್ಲಿಸಿದ ಕಡಲಹಕ್ಕಿ, ಗೋಡೆಯ ಮೇಲೆ ಮಾಸಿದ ನಕ್ಷೆ. ಅದನ್ನೆಲ್ಲ ತೋರಿಸಿ ಮುಗಿದ ಮೇಲೆ ಸಂಗ್ರಹದ ಒಡೆಯರು ಹಿಂದಿನ ಕೋಣೆಗೆ ಕರೆದೊಯ್ದು ಮರದ ಕಪಾಟಿನ ಖಾನೆಯೊಂದನ್ನು ಎಳೆಯುತ್ತಾರೆ. ಒಳಗೆ ಹತ್ತಿಯ ಹಾಸು, ಅದರ ಮೇಲೆ ಸಾಲಾಗಿ ಶಂಖ, ಕವಡೆ, ಬಸವನಹುಳುಗಳ ಚಿಪ್ಪು. ಎಲ್ಲದರ ಮೇಲೂ ತೆಳ್ಳಗೆ ಬಿಳಿಯ ಪುಡಿ. ಕನ್ನಡಿಯಂತೆ ಹೊಳೆಯಬೇಕಾದ ಕವಡೆ ಸುಣ್ಣ ಬಳಿದ ಗೋಡೆಯಂತೆ ಮಂಕಾಗಿರುತ್ತದೆ. ಎಲ್ಲಿ, ಯಾವಾಗ ಸಿಕ್ಕಿದ್ದೆಂದು ಬರೆದು ಪಕ್ಕದಲ್ಲಿಟ್ಟಿದ್ದ ಕಾಗದದ ಚೀಟಿಗಳಲ್ಲಿ ಕೆಲವನ್ನು ಬೆಳ್ಳಿಹುಳು ತಿಂದು ಜಾಲರಿಯಂತೆ ಮಾಡಿರುತ್ತದೆ. ಇನ್ನು ಕೆಲವು ಚೀಟಿಗಳಲ್ಲಿ ಶಾಯಿ ಹರಡಿ ಬರೀ ನೀಲಿ ಕಲೆ ಉಳಿದಿರುತ್ತದೆ.

ಆ ಬಿಳಿ ಪುಡಿಯನ್ನು ಕಡಲಿನ ಉಪ್ಪು ಹೊರಬಂದದ್ದು ಎನ್ನುವವರಿದ್ದಾರೆ, ಬೂಷ್ಟು ಎನ್ನುವವರಿದ್ದಾರೆ. ಎರಡೂ ಅಲ್ಲ. ಅದು ಕಪಾಟಿನ ಕೆಲಸ. ಮರ, ಅದರಲ್ಲೂ ಓಕ್, ಪ್ಲೈವುಡ್, ಮರದ ಪುಡಿಯಿಂದ ಒತ್ತಿ ಮಾಡಿದ ಹಲಗೆ, ಇವೆಲ್ಲ ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಅಗ್ಗದ ರಟ್ಟಿನಿಂದಲೂ ಆಮ್ಲ ಹೊರಡುತ್ತದೆ. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮುಚ್ಚಿದ ಖಾನೆಯೊಳಗೆ ಆಮ್ಲದ ಆವಿ ನಿಂತಿದ್ದು, ಗಾಳಿಯಲ್ಲಿ ತೇವವೂ ಸೇರಿದರೆ, ಚಿಪ್ಪಿನ ಮೇಲ್ಮೈ ನಿಧಾನವಾಗಿ ಕರಗಿ ಕ್ಯಾಲ್ಸಿಯಂ ಅಸಿಟೇಟ್, ಕ್ಯಾಲ್ಸಿಯಂ ಫಾರ್ಮೇಟ್ ಲವಣಗಳಾಗಿ ಅರಳುತ್ತದೆ. ಹಕ್ಕಿಯ ಮೊಟ್ಟೆಯ ಓಡಿಗೂ ಇದೇ ಗತಿ. 1899ರಲ್ಲಿ ಇದರ ಬಗ್ಗೆ ಬರೆದ ಬೈನ್ ಎಂಬ ಚಿಪ್ಪುಸಂಗ್ರಾಹಕರ ಹೆಸರಿನಲ್ಲಿ ಇದಕ್ಕೆ ಇಂದಿಗೂ ‘ಬೈನ್ ರೋಗ’ ಎಂದೇ ಹೆಸರು. ಆದರೆ ಇದು ರೋಗವಲ್ಲ, ಒಂದರಿಂದ ಇನ್ನೊಂದಕ್ಕೆ ಅಂಟುವಂಥದ್ದೂ ಅಲ್ಲ. ಆ ಪುಡಿ ನಿಜವಾಗಿ ಯಾವ ಲವಣ ಎಂಬುದು 1985ರಲ್ಲಿ ರಾಸಾಯನಿಕ ವಿಶ್ಲೇಷಣೆಯಿಂದ ಖಚಿತವಾಯಿತು.

ಕಾಡುವುದು ಇದೇ. ಚಿಪ್ಪುಗಳನ್ನು ಕಾಪಾಡಲೆಂದು ಯಾರೋ ಕೈಯಿಂದ ಹಣ ಹಾಕಿ ಮಾಡಿಸಿದ ಕಪಾಟು, ಧೂಳು ಹೋಗಬಾರದೆಂದು ಬಿಗಿಯಾಗಿ ಕೂರಿಸಿದ ಖಾನೆ, ಮೆತ್ತಗಿರಲೆಂದು ಹಾಸಿದ ಹತ್ತಿ, ಇವೇ ಅವನ್ನು ತಿನ್ನುತ್ತಿವೆ. ಆದರೂ ಆ ಖಾನೆಯಲ್ಲಿ ಆದ ದೊಡ್ಡ ನಷ್ಟ ಬಿಳಿ ಪುಡಿಯದಲ್ಲ. ಪುಡಿಯನ್ನು ತೊಳೆಯಬಹುದು, ಮುಂದೆ ಬಾರದಂತೆ ತಡೆಯಬಹುದು. ಬೆಳ್ಳಿಹುಳು ತಿಂದ ಚೀಟಿಯನ್ನು ಯಾವ ಪ್ರಯೋಗಾಲಯವೂ ಹಿಂದಕ್ಕೆ ತರಲಾರದು.

ಯಾವ ದ್ವೀಪದ್ದು?

ಸಂಗ್ರಹಾಲಯದಲ್ಲಿ ಪ್ರಾಣಿಯ ಹೆಸರು ತಪ್ಪಾಗಿ ಬರೆದಿರುವುದು ಸಾಮಾನ್ಯ, ಅದೇನೂ ದೊಡ್ಡ ಅಪರಾಧವಲ್ಲ. ಹೆಸರನ್ನು ವಸ್ತುವನ್ನೇ ನೋಡಿ ತಿದ್ದಬಹುದು. ಕಡಲಾಮೆಯ ಬೆನ್ನುಚಿಪ್ಪನ್ನೇ ತೆಗೆದುಕೊಳ್ಳಿ. ಬೆನ್ನಿನ ನಡುಸಾಲಿನ ಎರಡೂ ಬದಿಗಿರುವ ದೊಡ್ಡ ಫಲಕಗಳನ್ನು ಎಣಿಸಿದರೆ ಐದೈದು ಇದ್ದರೆ ಅದು ಲಾಗರ್‌ಹೆಡ್ ಇರಬಹುದು. ನಾಲ್ಕು ನಾಲ್ಕು ಇದ್ದು, ಮನೆಯ ಹೆಂಚಿನಂತೆ ಒಂದರ ಮೇಲೊಂದು ಹಾಯ್ದಿದ್ದರೆ ಹಾಕ್ಸ್‌ಬಿಲ್. ನಾಲ್ಕೇ ಇದ್ದು ಅಂಚಿಗೆ ಅಂಚು ಕೂಡಿದ್ದರೆ ಹಸಿರು ಆಮೆ. ತಲೆಯೂ ಉಳಿದಿದ್ದರೆ ಇನ್ನೂ ಸುಲಭ: ಮೂಗು ಮತ್ತು ಕಣ್ಣಿನ ನಡುವೆ ಎರಡು ಜೊತೆ ಹುರುಪೆಗಳಿದ್ದರೆ ಹಾಕ್ಸ್‌ಬಿಲ್, ಒಂದೇ ಜೊತೆ ಇದ್ದರೆ ಹಸಿರು ಆಮೆ. (ತೀರ ಮುದಿ ಹಾಕ್ಸ್‌ಬಿಲ್‌ನಲ್ಲಿ ಫಲಕಗಳ ಹಾಯುವಿಕೆ ಕಡಿಮೆಯಾಗಿರುತ್ತದೆ. ಆದ್ದರಿಂದ ತಲೆ ಇದ್ದರೆ ತಲೆಯನ್ನೇ ನಂಬಬೇಕು.) ಆದರೆ ಆ ಆಮೆ ಯಾವ ದಂಡೆಯಲ್ಲಿ, ಯಾವ ವರ್ಷ, ಯಾವ ತಿಂಗಳಲ್ಲಿ ಸಿಕ್ಕಿತು ಎಂಬುದನ್ನು ಚಿಪ್ಪು ನೋಡಿ ಹೇಳಲಾಗದು. ಅದು ಯಾರಾದರೂ ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ದ್ವೀಪಗಳಲ್ಲಿ ಈ ಕೊರತೆ ಹೆಚ್ಚು ಕುಟುಕುತ್ತದೆ. ದೊಡ್ಡ ನೆಲದಲ್ಲಿ ಐವತ್ತು ಮೈಲಿ ಆಚೀಚೆಯಾದರೂ ಅದೇ ಪ್ರಾಣಿ ಸಿಗಬಹುದು. ದ್ವೀಪಗುಚ್ಛದಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರದ ಇನ್ನೊಂದು ದ್ವೀಪದಲ್ಲಿರುವುದೇ ಬೇರೆ ಜಾತಿ. ಇದನ್ನು ಎಡವಿ ಕಲಿತವರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬರು. 1835ರಲ್ಲಿ ಗಲಾಪಗೋಸ್‌ನಲ್ಲಿ ಐದು ವಾರ ಕಳೆದಾಗ ಅಲ್ಲಿನ ಪುಟ್ಟ ಫಿಂಚ್ ಹಕ್ಕಿಗಳನ್ನು ಅವರು ಸಂಗ್ರಹಿಸಿದರು. ಆದರೆ ಯಾವ ಹಕ್ಕಿ ಯಾವ ದ್ವೀಪದ್ದೆಂದು ಬಹುಪಾಲು ಗುರುತು ಹಾಕಲಿಲ್ಲ. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್ ಅವನ್ನು ಪರೀಕ್ಷಿಸಿ, ಇವೆಲ್ಲ ಒಂದೇ ಬಳಗದ ಬೇರೆ ಬೇರೆ ಜಾತಿಗಳು ಎಂದಾಗ ಡಾರ್ವಿನ್ನರಿಗೆ ಬೇಕಾದದ್ದು ದ್ವೀಪದ ಹೆಸರು. ಅದಕ್ಕಾಗಿ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಮತ್ತು ಜೊತೆಗಿದ್ದ ಇತರರು ಚೀಟಿ ಹಚ್ಚಿಟ್ಟುಕೊಂಡಿದ್ದ ಹಕ್ಕಿಗಳ ಮೊರೆಹೋಗಬೇಕಾಯಿತು. ಅದೇ ಪ್ರಯಾಣದಲ್ಲಿ ಹಡಗಿಗೆ ಹೇರಿಕೊಂಡಿದ್ದ ದೈತ್ಯ ಆಮೆಗಳನ್ನು ದಾರಿಯಲ್ಲಿ ತಿಂದು ಚಿಪ್ಪುಗಳನ್ನು ಕಡಲಿಗೆಸೆದರು. ಚಿಪ್ಪಿನ ಆಕಾರ ನೋಡಿಯೇ ಆಮೆ ಯಾವ ದ್ವೀಪದ್ದೆಂದು ಹೇಳಬಹುದು ಎಂದು ಅಲ್ಲಿನ ಅಧಿಕಾರಿ ಮೊದಲೇ ಹೇಳಿದ್ದರು.

ಪೆಸಿಫಿಕ್ ದ್ವೀಪಗಳ ಪಾರ್ಟುಲಾ ಬಸವನಹುಳುಗಳದು ಇನ್ನೂ ನೋಯಿಸುವ ಕತೆ. ಬೆರಳಿನ ತುದಿಯಷ್ಟಿರುವ, ಮರದ ಮೇಲೆ ಬದುಕುವ ಇವು ಒಂದೊಂದು ಕಣಿವೆಗೆ ಒಂದೊಂದು ಬಣ್ಣ, ಒಂದೊಂದು ಪಟ್ಟೆ ಎಂಬಂತೆ ಬೇರೆಯಾಗಿದ್ದವು. ಬೆಳೆ ತಿನ್ನುತ್ತಿದ್ದ ಆಫ್ರಿಕಾದ ದೈತ್ಯ ಬಸವನಹುಳುವನ್ನು ಮಟ್ಟಹಾಕಲೆಂದು ಟಹೀಟಿಗೆ 1974ರಲ್ಲಿ, ಮೂರೆಯಾ ದ್ವೀಪಕ್ಕೆ 1977ರಲ್ಲಿ ಯುಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಪಾರ್ಟುಲಾಗಳನ್ನು ತಿಂದಿತು. ಹತ್ತೇ ವರ್ಷದಲ್ಲಿ ಮೂರೆಯಾದ ಕಾಡಿನಲ್ಲಿ ಅವು ಇಲ್ಲವಾದವು. ಯಾವ ಕಣಿವೆಯಲ್ಲಿ ಯಾವುದಿತ್ತು ಎಂದು ತಿಳಿಯಲು ಇಂದು ಉಳಿದಿರುವುದು ಖಾನೆಗಳಲ್ಲಿರುವ ಹಳೆಯ ಚಿಪ್ಪುಗಳು, ಅವುಗಳ ಜೊತೆಗಿನ ಚೀಟಿಗಳು. ಕಣಿವೆಯ ಹೆಸರಿರುವ ಚೀಟಿ ಇದ್ದರೆ ಆ ಚಿಪ್ಪೊಂದು ಸಾಕ್ಷಿ. ಇಲ್ಲವಾದರೆ ಚೆಂದದ ಮಣಿ.

ಖಾಸಗಿ ಸಂಗ್ರಹಗಳನ್ನು ‘ಹವ್ಯಾಸಿಗಳ ಗುಜರಿ’ ಎಂದು ತಳ್ಳಿಹಾಕುವ ರೂಢಿ ಕೆಲವು ವಿದ್ವಾಂಸರಲ್ಲಿದೆ. ಅದು ತಪ್ಪೆಂದೇ ನನ್ನ ನಿಲುವು. ಸಂಶೋಧಕರು ದ್ವೀಪಕ್ಕೆ ಬಂದು ಮೂರು ವಾರ ಇದ್ದು ಹೋಗುತ್ತಾರೆ. ದ್ವೀಪದಲ್ಲೇ ಇರುವ ಸಂಗ್ರಾಹಕ ನಲವತ್ತು ಮಳೆಗಾಲ ನೋಡಿರುತ್ತಾನೆ, ಪ್ರತಿ ಬಿರುಗಾಳಿಯ ಮರುದಿನ ಬೆಳಗ್ಗೆ ದಂಡೆಯಲ್ಲಿ ಇರುತ್ತಾನೆ. ಡೋಡೋ ಹಕ್ಕಿಯ ವಿಷಯವೇ ಇದಕ್ಕೆ ಪುರಾವೆ. ಹಲವು ಹಕ್ಕಿಗಳ ಮೂಳೆ ಸೇರಿಸಿ ಕಟ್ಟಿದ ಡೋಡೋ ಅಸ್ಥಿಪಂಜರಗಳು ಬೇರೆ ಬೇರೆ ಊರುಗಳಲ್ಲಿವೆ. ಒಂದೇ ಹಕ್ಕಿಯದೆಂದು ಗೊತ್ತಿರುವ, ಹೆಚ್ಚುಕಡಿಮೆ ಪೂರ್ತಿಯಾದ ಅಸ್ಥಿಪಂಜರ ಇರುವುದು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ. ಅದನ್ನು 20ನೇ ಶತಮಾನದ ಆರಂಭದಲ್ಲಿ ಹುಡುಕಿ ತೆಗೆದವರು ಎಟಿಯೆನ್ ಥಿರಿಯೂ, ವೃತ್ತಿಯಲ್ಲಿ ಕ್ಷೌರಿಕರು. ಆದರೆ ಅವರ ಮೂಳೆಗಳು ಎಲ್ಲಿಂದ ಬಂದವು, ಯಾವ ಕೈಗಳನ್ನು ದಾಟಿದವು ಎಂಬುದನ್ನು ಜೋಡಿಸುವುದೇ ನೂರು ವರ್ಷದ ಬಳಿಕ ಸಂಶೋಧಕರಿಗೆ ಪ್ರತ್ಯೇಕ ಅಧ್ಯಯನವಾಯಿತು. ಅಂಥ ಅಪೂರ್ವ ವಸ್ತುವಿಗೂ ಕಾಡಿದ್ದು ಚೀಟಿಯ ಪ್ರಶ್ನೆಯೇ.

ಗಾಳಿಯ ಲೆಕ್ಕ

ಉಷ್ಣವಲಯದ ದ್ವೀಪದಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ವರ್ಷದ ಹೆಚ್ಚು ದಿನ 75 ಶೇಕಡಾ ಮೇಲೇ ಇರುತ್ತದೆ. ಬೂಷ್ಟು ಏಳಲು 65ರಿಂದ 70 ಸಾಕು. ಅಂದರೆ ಏನೂ ಮಾಡದೆ ಬಿಟ್ಟರೆ ಪುಸ್ತಕ, ಚರ್ಮ, ಗರಿ, ಒಣಗಿಸಿದ ಎಲೆ ಎಲ್ಲವೂ ಬೂಷ್ಟಿನ ಪಾಲು. ಇದನ್ನು ತಡೆಯಲು ಸಣ್ಣ ಸಂಗ್ರಹಾಲಯಗಳು ಮಾಡುವ ಮೊದಲ ಖರ್ಚು ಹವಾನಿಯಂತ್ರಕ, ಮೊದಲ ತಪ್ಪೂ ಅದೇ. ಹಗಲು ಜನ ಬಂದಾಗ ಚಾಲೂ ಮಾಡಿ, ಸಂಜೆ ಬೀಗ ಹಾಕುವಾಗ ಆರಿಸುತ್ತಾರೆ. ಹಗಲಿಡೀ ತಣ್ಣಗಾದ ಗಾಜು, ಲೋಹ, ಗೋಡೆಗಳ ಮೇಲೆ ರಾತ್ರಿ ಒಳನುಗ್ಗುವ ಬಿಸಿ ತೇವದ ಗಾಳಿ ಹನಿಯಾಗಿ ಕೂರುತ್ತದೆ. ದಿನಕ್ಕೊಮ್ಮೆ ಒಣಗಿ, ದಿನಕ್ಕೊಮ್ಮೆ ನೆನೆದು ಮರ ಬಿರಿಯುತ್ತದೆ, ಬಣ್ಣದ ಪದರ ಏಳುತ್ತದೆ, ದಂತ ಸೀಳುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ನಡೆಸಲಾಗದಿದ್ದರೆ ಅದನ್ನು ಬಿಟ್ಟು, ಗಾಳಿ ಆಡುವಂತೆ ಮಾಡುವುದು ಮೇಲು. ಕಪಾಟನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಡಬೇಕು, ನೆಲದಿಂದ ಎತ್ತಿ ಕೂರಿಸಬೇಕು, ನಿಧಾನವಾಗಿ ತಿರುಗುವ ಫ್ಯಾನ್ ಇರಬೇಕು.

ಕೋಣೆಯನ್ನೇ ಒಣಗಿಸಲು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯ. ಗಲಾಪಗೋಸ್‌ನ ಪಿಂಟಾ ದ್ವೀಪದ ಆಮೆಗಳ ಕೊನೆಯ ಕುಡಿ ಲೋನ್‌ಸಮ್ ಜಾರ್ಜ್ 2012ರಲ್ಲಿ ಸತ್ತಾಗ, ಅದರ ದೇಹವನ್ನು ಹೆಪ್ಪುಗಟ್ಟಿಸಿ ನ್ಯೂಯಾರ್ಕಿಗೆ ಒಯ್ದು ಸಿದ್ಧಪಡಿಸಿದರು. 2017ರಲ್ಲಿ ಅದು ದ್ವೀಪಕ್ಕೆ ಮರಳಿದಾಗ ಅದೊಂದಕ್ಕಾಗಿಯೇ ಉಷ್ಣತೆ ಮತ್ತು ತೇವ ನಿಯಂತ್ರಿಸಿದ ಕೋಣೆ ಬೇಕಾಯಿತು. ಸಣ್ಣ ಸಂಗ್ರಹಾಲಯ ಮಾಡಬಹುದಾದದ್ದು ಇಷ್ಟು: ನಿಜವಾಗಿ ಒಣಗಿರಬೇಕಾದ ಕೆಲವನ್ನು ಆರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು. ಒಂದು ಲೀಟರ್ ಜಾಗಕ್ಕೆ ಸುಮಾರು 20 ಗ್ರಾಂ ಲೆಕ್ಕ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನು ತರುವುದು ಒಳ್ಳೆಯದು. ಬಣ್ಣ ಬದಲಾದಾಗ ಒಲೆಯಲ್ಲಿ ಸುಮಾರು 120 ಡಿಗ್ರಿ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಗೋಡೆಗೆ ತೂಗುಹಾಕಿದ ತೇವಮಾಪಕವನ್ನು ನೋಡಿ ಸಮಾಧಾನಪಡುವ ಮುನ್ನ ಅದು ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ಇಟ್ಟು ಒಂದು ರಾತ್ರಿ ಬಿಡಿ. ಡಬ್ಬಿಯೊಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು ಏಳು ಕಡಿಮೆ ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಮಾಪಕದ ಬೆನ್ನಿಗೇ ಬರೆದಿಟ್ಟರೆ ಆಯಿತು.

ಹಡಗಿನ ಕಬ್ಬಿಣದ ವಿಷಯದಲ್ಲಿ ಒಣಗಿಸುವ ಆತುರವೇ ಮುಳುವು. ಕಡಲತಳದಲ್ಲಿ ನೂರಾರು ವರ್ಷ ಬಿದ್ದಿದ್ದ ಲಂಗರು, ಮೊಳೆ, ಫಿರಂಗಿ ಗುಂಡುಗಳ ಒಳಗೆ ಕ್ಲೋರೈಡ್ ಇಳಿದಿರುತ್ತದೆ. ಮೇಲೆತ್ತಿ ಬಿಸಿಲಿಗಿಟ್ಟರೆ ಮೊದಲು ಗಟ್ಟಿಯಾಗಿಯೇ ಕಾಣುತ್ತದೆ. ಕೆಲವು ವಾರಗಳಲ್ಲಿ ಮೇಲ್ಮೈಯಲ್ಲಿ ಬೆವರಿನಂಥ ಕಂದು ಹನಿಗಳು ಮೂಡುತ್ತವೆ, ಆಮೇಲೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಎರಕದ ಕಬ್ಬಿಣದ ಗುಂಡಂತೂ ಆಕಾರ ಹಾಗೇ ಇದ್ದು, ಒಳಗಿನ ಕಬ್ಬಿಣ ಕರಗಿಹೋಗಿ, ಕೈಗೆತ್ತಿದರೆ ಹಗುರ ಎನಿಸುತ್ತದೆ. ಸರಿಯಾದ ದಾರಿ ಎಂದರೆ ನೀರಿನಿಂದ ತೆಗೆದದ್ದನ್ನು ಒಣಗಲು ಬಿಡದೆ ಕ್ಷಾರದ ದ್ರಾವಣದಲ್ಲಿ ಮುಳುಗಿಸಿ, ದ್ರಾವಣ ಬದಲಿಸುತ್ತ ತಿಂಗಳುಗಟ್ಟಲೆ, ದೊಡ್ಡ ವಸ್ತುವಾದರೆ ವರ್ಷಗಟ್ಟಲೆ, ಕ್ಲೋರೈಡ್ ಹೊರತೆಗೆಯುವುದು. ಆ ಸೌಕರ್ಯ ಇಲ್ಲದವರು ಅದನ್ನು ಎತ್ತದಿರುವುದೇ ಒಳ್ಳೆಯದು. ಕಡಲತಳದಲ್ಲಿ ಅದು ಇನ್ನಷ್ಟು ಕಾಲ ಉಳಿಯುತ್ತದೆ.

ಮುಟ್ಟಬಾರದ ಹಕ್ಕಿ

ಹಳೆಯ ಸಂಗ್ರಹದಲ್ಲಿ ನೂರು ವರ್ಷದ ಹಕ್ಕಿಯೊಂದು ಒಂದು ಗರಿಯೂ ಉದುರದೆ ನಿಂತಿದ್ದರೆ ಮೆಚ್ಚುವ ಮುನ್ನ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಹುಳು ಮುಟ್ಟದೆ ಬಿಟ್ಟಿದ್ದಕ್ಕೆ ಕಾರಣ ಬಹುಮಟ್ಟಿಗೆ ಪಾಷಾಣ, ಅಂದರೆ ಆರ್ಸೆನಿಕ್. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ಊರಿನ ಬೆಕೂರ್ ಎಂಬ ಔಷಧಗಾರರು ಬಿಳಿ ಪಾಷಾಣ, ಸಾಬೂನು, ಕರ್ಪೂರ, ಸುಣ್ಣ ಮುಂತಾದವನ್ನು ಕಲಸಿ ಒಂದು ಲೇಪ ಮಾಡಿದರು. ಸುಲಿದ ಚರ್ಮದ ಒಳಬದಿಗೆ ಅದನ್ನು ಸವರಿದರೆ ಹುಳು ಹತ್ತುವುದಿಲ್ಲ. 19ನೇ ಶತಮಾನದಲ್ಲಿ ಅದು ಜಗತ್ತಿಡೀ ಹರಡಿತು, 20ನೇ ಶತಮಾನದಲ್ಲೂ ದಶಕಗಟ್ಟಲೆ ಬಳಕೆಯಲ್ಲಿತ್ತು. ಪಾಷಾಣ ಆವಿಯಾಗಿ ಹೋಗುವಂಥದ್ದಲ್ಲ, ಹಳತಾದರೂ ವಿಷ ಇಳಿಯುವುದಿಲ್ಲ. ಚರ್ಮ ಒಣಗಿ ಬಿರಿದಂತೆಲ್ಲ ಅದು ಧೂಳಾಗಿ ಹೊರಬರುತ್ತದೆ. ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ, ಕಾಲಿನ ಹೊಲಿಗೆಯಲ್ಲಿ, ಗರಿಗಳ ಬುಡದಲ್ಲಿ ಬಿಳಿ ಹರಳು ಕಂಡರೆ ಅನುಮಾನಕ್ಕೆ ಎಡೆಯೇ ಇಲ್ಲ. ಕಾಣದಿದ್ದರೂ ಇಲ್ಲವೆಂದಲ್ಲ. ಒತ್ತಿ ಒಣಗಿಸಿದ ಗಿಡದ ಹಾಳೆಗಳಿಗೆ ಪಾದರಸದ ಕ್ಲೋರೈಡ್ ಹಚ್ಚುತ್ತಿದ್ದುದೂ ಇದೇ ಉದ್ದೇಶಕ್ಕೆ.

ಆದ್ದರಿಂದ ಮಕ್ಕಳಿಗೆ ಮುಟ್ಟಿ ನೋಡಲು ಕೊಡುವ ಹಕ್ಕಿ, ಚರ್ಮ, ಕೊಂಬುಗಳು ಹೊಸದಾಗಿರಬೇಕು, ಹೇಗೆ ಸಿದ್ಧಪಡಿಸಿದ್ದೆಂದು ಗೊತ್ತಿರಬೇಕು. ಹಳೆಯ ಹಕ್ಕಿಯ ಧೂಳನ್ನು ಬಾಯಿಂದ ಊದಬಾರದು, ಸಾಮಾನ್ಯ ವ್ಯಾಕ್ಯೂಮ್‌ನಿಂದ ಎಳೆಯಬಾರದು. ಸೂಕ್ಷ್ಮ ಸೋಸುಕ ಇಲ್ಲದ ಯಂತ್ರ ಒಂದು ಕಡೆಯ ವಿಷವನ್ನು ಇಡೀ ಕೋಣೆಗೆ ಹರಡುತ್ತದೆ. ಬೂಷ್ಟು ತಡೆಯಲು ಬೇಕೆಂದ ಫ್ಯಾನು ಇಲ್ಲಿ ತೊಂದರೆಯೇ ಆಗುತ್ತದೆ. ಅದಕ್ಕೇ ಹಳೆಯ ಹಕ್ಕಿಗಳು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲೇ ಇರಬೇಕು, ಫ್ಯಾನಿನ ಗಾಳಿ ಪೆಟ್ಟಿಗೆಯ ಹೊರಗೆ ಆಡಬೇಕು. ಗಂಧದ ಮೂಲಕವೇ ಗೊತ್ತಾಗುವ ನುಸಿ ಗುಳಿಗೆ, ಅಂದರೆ ನ್ಯಾಫ್ತಲೀನ್, ಬಿಸಿ ಊರಿನಲ್ಲಿ ಬೇಗ ಆವಿಯಾಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು, ಆ ಕೊರತೆ ಮಲೇರಿಯಾ ಇದ್ದ ಪ್ರದೇಶಗಳಲ್ಲಿ ಹೆಚ್ಚು. ದಿನವಿಡೀ ಆ ವಾಸನೆಯಲ್ಲಿ ಕೂರುವ ಕೆಲಸಗಾರರ ಬಗ್ಗೆ ಯಾರೂ ಯೋಚಿಸುವುದಿಲ್ಲ, ಯೋಚಿಸಬೇಕು.

ಹುಳುವಿಗೆ ವಿಷಕ್ಕಿಂತ ಚಳಿ ಒಳ್ಳೆಯ ಮದ್ದು. ವಸ್ತುವನ್ನು ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಅಂಟುಪಟ್ಟಿಯಿಂದ ಮುಚ್ಚಿ, ಮೈನಸ್ 18ರಿಂದ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ, ಮರಿ, ದುಂಬಿ ಎಲ್ಲವೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚುವುದೇ ಎಲ್ಲರೂ ಮಾಡುವ ತಪ್ಪು. ಬಿಚ್ಚಿದರೆ ಹನಿ ವಸ್ತುವಿನ ಮೇಲೇ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟರೆ ಹನಿ ಚೀಲದ ಹೊರಗೆ ನಿಲ್ಲುತ್ತದೆ. ಮರದ ಕೆಳಗೆ ಗಸಗಸೆಯಂಥ, ಆರು ಮುಖದ ಸಣ್ಣ ಹಿಕ್ಕೆಗಳು ರಾಶಿ ಬಿದ್ದಿದ್ದರೆ ಅದು ಒಣಮರದ ಗೆದ್ದಲು. ಅದಕ್ಕೆ ಮಣ್ಣಿನ ಸುರಂಗ ಬೇಡ, ಮರದೊಳಗೇ ಸಂಸಾರ.

ಸೀಸೆಗಳ ಸಾಲು

ಮೀನು, ಹಾವು, ಏಡಿಗಳ ಸೀಸೆಗಳ ಮುಂದೆ ನಿಂತಾಗ ಮೊದಲು ನೋಡಬೇಕಾದದ್ದು ಒಳಗಿನ ಪ್ರಾಣಿಯನ್ನಲ್ಲ, ದ್ರವದ ಮಟ್ಟವನ್ನು. ಪ್ರಾಣಿಯ ಬೆನ್ನು ದ್ರವದಿಂದ ಮೇಲೆ ಬಂದಿದ್ದರೆ ಅಲ್ಲಿಂದ ಕೊಳೆತ ಶುರುವಾಗಿದೆ. ಎರಡನೆಯದು ಮುಚ್ಚಳ. ಕಡಲ ಗಾಳಿಗೆ ತಗಡಿನ ಮುಚ್ಚಳ ತುಕ್ಕುಹಿಡಿದು ತೂತಾಗುತ್ತದೆ, ಅಗ್ಗದ ಪ್ಲಾಸ್ಟಿಕ್ ಮುಚ್ಚಳ ಬಿರಿಯುತ್ತದೆ. ಪಾಲಿಪ್ರೊಪಿಲೀನ್ ಮುಚ್ಚಳ, ಇಲ್ಲವೇ ಉಜ್ಜಿ ಕೂರಿಸಿದ ಗಾಜಿನ ಮುಚ್ಚಳಕ್ಕೆ ತೆಳ್ಳಗೆ ವ್ಯಾಸಲೀನ್, ಇವು ಬಾಳುತ್ತವೆ.

ಕ್ರಮ ಹೀಗೆ: ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಅದರಲ್ಲಿ ಪ್ರಾಣಿಯನ್ನು ಗಟ್ಟಿಗೊಳಿಸಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಗೆ 70 ಶೇಕಡಾ ಆಲ್ಕೋಹಾಲಿಗೆ ಹಾಕುವುದು. ಫಾರ್ಮಲಿನ್‌ನಲ್ಲೇ ವರ್ಷಗಟ್ಟಲೆ ಬಿಟ್ಟರೆ ಅದು ನಿಧಾನವಾಗಿ ಆಮ್ಲವಾಗಿ ಮೂಳೆಯ ಸುಣ್ಣವನ್ನು ಕರಗಿಸುತ್ತದೆ. ಹಳೆಯ ಸೀಸೆಗಳಲ್ಲಿ ಮೀನು ರಬ್ಬರಿನಂತೆ ಬಾಗಿ ಕೂತಿರುವುದು ಈ ಕಾರಣಕ್ಕೆ. ಬೊರಾಕ್ಸ್ ಸೇರಿಸುವುದು ಆಮ್ಲವನ್ನು ತಡೆಯಲು. ಇನ್ನು ಆಲ್ಕೋಹಾಲಿನ ಲೆಕ್ಕದಲ್ಲಿ ಒಂದು ಒಳಸುಳಿ ಇದೆ. ನೀರಿಗಿಂತ ಆಲ್ಕೋಹಾಲ್ ಬೇಗ ಆರುತ್ತದೆ. ಆದ್ದರಿಂದ ಮಟ್ಟ ಇಳಿದ ಸೀಸೆಯಲ್ಲಿ ಉಳಿದದ್ದು 70 ಅಲ್ಲ, 60 ಅಥವಾ 50 ಇರಬಹುದು. ಅದರ ಮೇಲೆ ಮತ್ತೆ 70ರದ್ದನ್ನೇ ಸುರಿಯುತ್ತ ಹೋದರೆ ವರ್ಷದಿಂದ ವರ್ಷಕ್ಕೆ ದ್ರಾವಣ ಬಡವಾಗುತ್ತದೆ, ಕಣ್ಣಿಗೆ ಮಾತ್ರ ಸೀಸೆ ತುಂಬಿರುತ್ತದೆ. ದ್ರವ ಎಷ್ಟು ಭಾರವೆಂದು ತೋರಿಸುವ ದ್ರವಮಾಪಕ ಅದ್ದಿ ನೋಡಿಯೇ ಸೇರಿಸಬೇಕು. ಸೀಸೆಯಲ್ಲಿ ಫಾರ್ಮಲಿನ್ ಇದೆಯೋ ಆಲ್ಕೋಹಾಲೋ ಎಂಬ ಗೊಂದಲವೂ ಅದರಿಂದಲೇ ಬಗೆಹರಿಯುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ, ಫಾರ್ಮಲಿನ್ ದ್ರಾವಣ ತುಸು ಭಾರ. ಮೂಸಿ ನೋಡುವ ಅಭ್ಯಾಸ ಬೇಡ.

ಇಂಥ ಕೋಣೆಯಲ್ಲಿ ದೀಪ ಹಚ್ಚುವುದು, ಬೀಡಿ ಸೇದುವುದು ಯಾಕೆ ಕೂಡದು ಎಂಬುದಕ್ಕೆ ಒಂದೇ ಅಂಕಿ ಸಾಕು. 70 ಶೇಕಡಾ ಆಲ್ಕೋಹಾಲಿನ ಆವಿ ಕಿಡಿಗೆ ಹತ್ತಿಕೊಳ್ಳಲು ಸುಮಾರು 17 ಡಿಗ್ರಿ ಶಾಖ ಸಾಕು. ಉಷ್ಣವಲಯದ ದ್ವೀಪದಲ್ಲಿ ಕೋಣೆ ಎಂದೂ ಅದಕ್ಕಿಂತ ತಣ್ಣಗಿರುವುದಿಲ್ಲ.

ಸೀಸೆಯ ಚೀಟಿ ಸೀಸೆಯ ಒಳಗಿರಬೇಕು. ಹೊರಗೆ ಅಂಟಿಸಿದ್ದು ತೇವಕ್ಕೆ ಕಿತ್ತುಬರುತ್ತದೆ, ಮುಚ್ಚಳದ ಮೇಲೆ ಬರೆದದ್ದು ಮುಚ್ಚಳ ಅದಲುಬದಲಾದ ದಿನ ಸುಳ್ಳಾಗುತ್ತದೆ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಲೇಸರ್ ಪ್ರಿಂಟರಿನ ಅಕ್ಷರಗಳು ಕೆಲ ವರ್ಷಗಳಲ್ಲಿ ಪದರವಾಗಿ ಎದ್ದು ಸೀಸೆಯ ತಳದಲ್ಲಿ ಕರಿ ಪುಡಿಯಾಗಿ ಬಿದ್ದಿರುತ್ತವೆ. ಗಟ್ಟಿ ಹತ್ತಿಕಾಗದದ ಮೇಲೆ ಪೆನ್ಸಿಲ್ ಅಥವಾ ಇಂಡಿಯನ್ ಇಂಕ್, ಇವೆರಡೇ ನಂಬಬಹುದಾದವು.

ಬಾಯಲ್ಲಿರುವ ಚೀಟಿ

ಮತ್ತೆ ಆ ಹಿಂದಿನ ಕೋಣೆಗೆ ಬರೋಣ. ಒಡೆಯರು ಖಾನೆಯಿಂದ ಒಂದು ಶಂಖ ಎತ್ತಿಕೊಂಡು, “ಇದು ಆ ದೊಡ್ಡ ಬಿರುಗಾಳಿಯ ಮರುದಿನ ಸಿಕ್ಕಿದ್ದು ನೋಡಿ, ಬಡಗಣ ದಂಡೆಯ ಹವಳದ ದಿಬ್ಬದ ಒಳಮಗ್ಗುಲಲ್ಲಿ. ಜೀವ ಇರುವುದನ್ನ ಅಲ್ಲಿ ಆಮೇಲೆ ಯಾರೂ ಕಂಡಿಲ್ಲ” ಎನ್ನುತ್ತಾರೆ. ಚೀಟಿ ಕಳೆದುಹೋಗಿದೆ ಎಂದುಕೊಂಡಿದ್ದೆವಲ್ಲ, ಅದು ಇಲ್ಲಿದೆ. ಇವರ ಬಾಯಲ್ಲಿದೆ. ಭೇಟಿ ಕೊಟ್ಟವರು ಟಿಕೆಟಿನ ಹಣಕ್ಕಿಂತ ದೊಡ್ಡದನ್ನು ಕೊಡಲು ಸಾಧ್ಯವಿರುವುದು ಈ ಗಳಿಗೆಯಲ್ಲಿ.

“ಇದರ ಹೆಸರೇನು?” ಎಂದು ಕೇಳಬೇಡಿ. “ಇದು ನಿಮಗೆ ಎಲ್ಲಿ ಸಿಕ್ಕಿತು? ಯಾವಾಗ? ಜೊತೆಗೆ ಯಾರಿದ್ದರು? ಸತ್ತದ್ದೋ ಜೀವ ಇದ್ದದ್ದೋ? ಎಷ್ಟು ಆಳದಲ್ಲಿ?” ಎಂದು ಕೇಳಿ. ವರ್ಷ ನೆನಪಾಗದಿದ್ದರೆ ಒತ್ತಾಯಿಸಬಾರದು. “ಮಗಳ ಮದುವೆಗೆ ಮೊದಲೋ ಆಮೇಲೋ, ಹೊಸ ಜೆಟ್ಟಿ ಕಟ್ಟುವ ಮೊದಲೋ” ಎಂದರೆ ತಾನಾಗಿ ಬರುತ್ತದೆ. ಅವರು ಒಪ್ಪಿದರೆ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಆದರೆ ಪ್ರತಿ ವಸ್ತುವಿಗೂ ಮೊದಲು ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಮಾತಿಗೆ ಬಿಡಿ. ಸಂಖ್ಯೆ ಇಲ್ಲದ ಎರಡು ಗಂಟೆಯ ಸೊಗಸಾದ ಮಾತುಕತೆಯಲ್ಲಿ “ಇದು”, “ಅದು”, “ಆ ಪಕ್ಕದ್ದು” ಎಂಬುದು ಯಾವುದೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಸಂಖ್ಯೆಯೇ ಇಲ್ಲದಿದ್ದರೆ ಅಂದೇ ಕೊಡಬಹುದು. ಶಂಖಕ್ಕಾದರೆ ಬಾಯಿಯ ಒಳಅಂಚಿನಲ್ಲಿ ಇಂಡಿಯನ್ ಇಂಕಿನಿಂದ ಸಣ್ಣಗೆ. ಮರ, ಲೋಹ, ಮಡಕೆಗಳಿಗಾದರೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಲೇಪದ ಒಂದು ಪಟ್ಟಿ, ಅದು ಒಣಗಿದ ಮೇಲೆ ಸಂಖ್ಯೆ, ಮೇಲೆ ಮತ್ತೊಂದು ಪದರ. ಬೇಕಾದಾಗ ಅಸಿಟೋನಿನಿಂದ ತೆಗೆಯಬಹುದು, ವಸ್ತುವಿಗೆ ಶಾಯಿ ಇಳಿಯುವುದಿಲ್ಲ. ರಿಜಿಸ್ಟರಿನ ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ದ್ವೀಪದಲ್ಲೇ ಇರಬೇಕು. ಬಿರುಗಾಳಿ ಕಪಾಟು, ಪುಸ್ತಕ ಎಂದು ನೋಡುವುದಿಲ್ಲ.

ಫೋಟೋ ತೆಗೆಯುವುದಾದರೆ ಚೀಟಿಯೂ ಚೌಕಟ್ಟಿನೊಳಗೆ ಬರಲಿ. ಗರಿ ಮತ್ತು ಚಿಟ್ಟೆಗಳಿಗೆ ಬೆಳಕು 50 ಲಕ್ಸ್ ದಾಟಬಾರದೆಂಬುದು ಸಂಗ್ರಹಾಲಯಗಳ ರೂಢಿ, ಕಿಟಕಿಯ ಬಿಸಿಲು ಅದರ ನೂರಾರು ಪಟ್ಟು. ಬಿಸಿಲು ಬಿದ್ದ ಪೆಟ್ಟಿಗೆಯಲ್ಲಿ ಕೆಂಪು, ಹಳದಿ ಚಿಟ್ಟೆಗಳು ಬಿಳಿಚಿಕೊಂಡು ನೀಲಿ ಮಾತ್ರ ಮಿನುಗುತ್ತಿದ್ದರೆ ಅಚ್ಚರಿ ಬೇಡ. ಅಂಥ ಮಿನುಗುವ ನೀಲಿ ಬಣ್ಣದ ದ್ರವ್ಯದಿಂದ ಬಂದದ್ದಲ್ಲ, ರೆಕ್ಕೆಯ ಹುರುಪೆಗಳ ರಚನೆಯಿಂದ ಬಂದದ್ದು. ಅದನ್ನು ಬಿಸಿಲು ಅಷ್ಟು ಸುಲಭಕ್ಕೆ ಕದಿಯಲಾರದು.

ಹೊರಡುವಾಗ ಬಾಗಿಲಲ್ಲಿ ಶಂಖ, ಹವಳ ಮಾರಾಟಕ್ಕಿದ್ದರೆ ಕೊಳ್ಳಬೇಡಿ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದದಲ್ಲಿ ಕಡಲಾಮೆಗಳು ಮೊದಲ ಪಟ್ಟಿಯಲ್ಲಿವೆ, ಅಂದರೆ ವ್ಯಾಪಾರ ನಿಷೇಧ. ಕಲ್ಲುಹವಳ, ದೈತ್ಯ ಕಪ್ಪೆಚಿಪ್ಪು, ರಾಣಿಶಂಖ, ನಾಟಿಲಸ್ ಎರಡನೆಯ ಪಟ್ಟಿಯಲ್ಲಿವೆ, ಗಡಿ ದಾಟಿಸಲು ಪರವಾನಗಿ ಬೇಕು. ಅಂಗಡಿಯ ರಸೀದಿ ಪರವಾನಗಿಯಲ್ಲ. ಮೇಲಾಗಿ ಆ ಮೇಜಿನ ಮೇಲಿರುವ ಯಾವ ಶಂಖಕ್ಕೂ ಚೀಟಿ ಇರುವುದಿಲ್ಲ.

ಇನ್ನು ಆ ಬಿಳಿ ಪುಡಿ. ತೊಳೆಯುವ ಮನಸ್ಸಿದ್ದರೆ ಒಂದು ಬೋಗುಣಿಗೆ ಒಂದೇ ಶಂಖ. ಹತ್ತನ್ನು ಒಟ್ಟಿಗೆ ಮುಳುಗಿಸಿದ ದಿನವೇ ಹತ್ತು ಚೀಟಿಗಳೂ ಅನಾಥವಾಗುತ್ತವೆ. ಮೊದಲು ಶಂಖವನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಚಿತ್ರ ತೆಗೆಯಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ತಿಕ್ಕಿ, ನೀರು ಎರಡು ಮೂರು ಸಲ ಬದಲಿಸಬೇಕು. ವಿನೆಗರ್ ಬೇಡ, ಬ್ಲೀಚ್ ಬೇಡ, ಹೊಳಪಿಗೆಂದು ಎಣ್ಣೆ ಸವರುವುದೂ ಬೇಡ. ಸುರುಳಿಯ ಒಳಗಿನ ನೀರು ಆರಲು ಹಲವು ದಿನ ಬೇಕು, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಬಿಡಬೇಕು. ಆಮೇಲೆ ಅದೇ ಮರದ ಖಾನೆಗೆ ಹಿಂತಿರುಗಿಸಿದರೆ ಪುಡಿ ಮತ್ತೆ ಅರಳುತ್ತದೆ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಡಬ್ಬಿ, ಆಮ್ಲರಹಿತ ಕಾಗದದ ಹಾಸು, ಬಣ್ಣ ಹಚ್ಚಿ ಶಾಖದಲ್ಲಿ ಗಟ್ಟಿಮಾಡಿದ ಲೋಹದ ಕಪಾಟು, ಇಷ್ಟು ಬೇಕು. ಹೊಸ ಚೀಟಿಯಲ್ಲಿ ಸಂಖ್ಯೆ, ಜಾಗ, ತಾರೀಖು, ಎತ್ತಿಕೊಂಡವರ ಹೆಸರು, ಸಿಕ್ಕ ಬಗೆ, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯಬೇಕು. ಇದನ್ನು ಯಾರ ಬಾಯಿಂದ ಕೇಳಿ, ಯಾವ ದಿನ ಬರೆದದ್ದು ಎಂದೂ ಹಾಕಬೇಕು. ಹಳೆಯ ಚೀಟಿ ಹರಿದಿರಲಿ, ಬೆಳ್ಳಿಹುಳು ಮುಕ್ಕಾಲು ಪಾಲು ತಿಂದಿರಲಿ, ಎರಡೇ ಅಕ್ಷರ ಉಳಿದಿರಲಿ, ಅದನ್ನು ಸಣ್ಣ ಪಾರದರ್ಶಕ ಲಕೋಟೆಗೆ ಹಾಕಿ ಶಂಖದ ಪಕ್ಕಕ್ಕೇ ಇಡಬೇಕು.